ಈಜುಕೊಳದಲ್ಲಿ ಹೂತ ಸಿನಿಮಾಗಳು

ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿ, ಯೂಕಾನ್ ನದಿಯ ದಂಡೆಯ ಮೇಲೆ ಡಾಸನ್ ಸಿಟಿ ಎಂಬ ಪುಟ್ಟ ಊರಿದೆ. 1978ರಲ್ಲಿ ಅಲ್ಲಿ ಹೊಸ ಕ್ರೀಡಾಭವನ ಕಟ್ಟಲೆಂದು ನೆಲ ಅಗೆಯುತ್ತಿದ್ದಾಗ ಮಣ್ಣು ಕಲ್ಲಿನ ಜೊತೆಗೆ ಸಿನಿಮಾ ರೀಲುಗಳೂ ಮೇಲೆ ಬಂದವು. ಒಂದೆರಡಲ್ಲ, 533 ಸುರುಳಿಗಳು! ತಜ್ಞರು ಅವುಗಳನ್ನು ಬಿಡಿಸಿ ನೋಡಿದಾಗ 372 ಚಿತ್ರಗಳ ಗುರುತು ಸಿಕ್ಕಿತು. ಬಹುಪಾಲು 1910ರ ದಶಕದ ಮೂಕಿ ಚಿತ್ರಗಳು ಮತ್ತು ವಾರ್ತಾಚಿತ್ರಗಳು. ಜಗತ್ತಿನ ಬೇರೆಲ್ಲೂ ಪ್ರತಿ ಉಳಿದಿಲ್ಲವೆಂದು ಕೈಬಿಟ್ಟಿದ್ದ ಎಷ್ಟೋ ಚಿತ್ರಗಳು ಅವುಗಳಲ್ಲಿದ್ದವು.

ಹಾಲಿವುಡ್ಡಿನಿಂದ ಸಾವಿರಾರು ಮೈಲಿ ದೂರದ ಈ ಊರಿನ ಮಣ್ಣಿನಡಿ ಅಷ್ಟೊಂದು ಸಿನಿಮಾ ಸೇರಿದ್ದು ಹೇಗೆ? ಅದಕ್ಕೆ ಮೂಲ ಚಿನ್ನ.

1896ರ ಆಗಸ್ಟಿನಲ್ಲಿ ಅಲ್ಲಿನ ಕ್ಲೋಂಡೈಕ್ ಸೀಮೆಯ ತೊರೆಯೊಂದರಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹರಡಿದ್ದೇ ತಡ, ಜನ ಗುಡ್ಡ ಹತ್ತಿ, ಹಿಮ ತುಳಿದು ಬಂದರು. ಎರಡೇ ವರ್ಷದಲ್ಲಿ ಡಾಸನ್ನಿನ ಜನಸಂಖ್ಯೆ 30 ಸಾವಿರದ ಸುತ್ತಮುತ್ತ ತಲುಪಿತು. 1899ರಲ್ಲಿ ಅಲಾಸ್ಕಾದ ನೋಮ್‌ನಲ್ಲಿ ಚಿನ್ನವಿದೆಯೆಂಬ ಸುದ್ದಿ ಬಂದಾಗ ಅಷ್ಟೇ ವೇಗದಲ್ಲಿ ಊರು ಖಾಲಿಯಾಗತೊಡಗಿತು. ಉಳಿದವರಿಗೆ ದೀರ್ಘ ಚಳಿಗಾಲವನ್ನು ಕಳೆಯಲು ಮನರಂಜನೆ ಬೇಕಿತ್ತು. 1902ರಲ್ಲಿ ತೆರೆದ ಅಲ್ಲಿನ ಕ್ರೀಡಾಸಂಘದ ಕಟ್ಟಡದಲ್ಲಿ ಈಜುಕೊಳವೂ ಇತ್ತು, ಮುಂದೆ ಅಲ್ಲಿ ಸಿನಿಮಾವೂ ಬಂತು.

ಆದರೆ ಡಾಸನ್ ವಿತರಕರ ಪಟ್ಟಿಯಲ್ಲಿ ಕಟ್ಟಕಡೆಯ ಊರು. ಬೆಂಗಳೂರು, ಮೈಸೂರಿನಲ್ಲಿ ಓಡಿ, ತಾಲ್ಲೂಕು ಕೇಂದ್ರಗಳನ್ನು ಸುತ್ತಿ, ಗೀರು ಬಿದ್ದು, ತುಂಡಾಗಿ ಕೊನೆಗೆ ಹಳ್ಳಿಯ ಟೆಂಟಿಗೆ ಬರುತ್ತಿದ್ದ ಪ್ರತಿಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಡಾಸನ್ನಿನದೂ ಅದೇ ಸ್ಥಿತಿ. ಚಿತ್ರ ಬಿಡುಗಡೆಯಾಗಿ ಎರಡು ಮೂರು ವರ್ಷವಾದ ಮೇಲೆ ಪೆಟ್ಟಿಗೆ ಅಲ್ಲಿಗೆ ತಲುಪುತ್ತಿತ್ತು. ಅಷ್ಟು ಹಳೆಯ ಪ್ರತಿಯನ್ನು ಸಾಗಣೆ ವೆಚ್ಚ ಕೊಟ್ಟು ವಾಪಸು ತರಿಸಿಕೊಳ್ಳುವ ಆಸಕ್ತಿ ಕಂಪನಿಗಳಿಗೆ ಇರಲಿಲ್ಲ. ಹೀಗಾಗಿ ರೀಲುಗಳು ಊರಿನ ಬ್ಯಾಂಕಿನ ಸುಪರ್ದಿಗೆ ಬಂದು, ಗ್ರಂಥಾಲಯದ ನೆಲಮಾಳಿಗೆಯಲ್ಲಿ ರಾಶಿಯಾದವು.

1929ರ ಹೊತ್ತಿಗೆ ನೆಲಮಾಳಿಗೆ ತುಂಬಿತು. ಅದೇ ಸಮಯಕ್ಕೆ ಕ್ರೀಡಾಸಂಘಕ್ಕೆ ಇನ್ನೊಂದು ತಲೆನೋವು. ಚಳಿಗಾಲದಲ್ಲಿ ಈಜುಕೊಳದ ಮೇಲೆ ಹಲಗೆ ಹಾಸಿ, ಮಂಜುಗಡ್ಡೆ ಕಟ್ಟಿಸಿ ಹಾಕಿ ಆಡುತ್ತಿದ್ದರು. ಕೆಳಗೆ ಟೊಳ್ಳಿದ್ದುದರಿಂದ ಮಂಜು ಸಮನಾಗಿ ಕಟ್ಟುತ್ತಿರಲಿಲ್ಲ. ಆಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಥಾಮ್ಸನ್ ಎರಡು ಸಮಸ್ಯೆಗೂ ಒಂದೇ ಪರಿಹಾರ ಕಂಡುಕೊಂಡ. ರೀಲುಗಳನ್ನು ಈಜುಕೊಳಕ್ಕೆ ತುಂಬಿಸಿ ಮಣ್ಣು ಮುಚ್ಚಿಸಿದ. ಊರಿನಲ್ಲಿದ್ದ ಇನ್ನೂ ಎಷ್ಟೋ ಸುರುಳಿಗಳು ಬೆಂಕಿಗೆ ಹೋದವು, ನದಿಗೂ ಬಿದ್ದವು. 1951ರಲ್ಲಿ ಸಂಘದ ಕಟ್ಟಡವೂ ಸುಟ್ಟುಹೋಯಿತು. ಹೂತ ಸಿನಿಮಾಗಳು ಮಾತ್ರ ಮಣ್ಣಿನಡಿ ಹಾಗೆಯೇ ಇದ್ದವು.

ಅವು ಉಳಿದದ್ದೇ ಸೋಜಿಗ. ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಇದು ಬಂದೂಕಿನ ಮದ್ದಾಗಿ ಬಳಸುವ 'ಗನ್ ಕಾಟನ್'ನ ಹತ್ತಿರದ ನೆಂಟ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಸೆಕೆಯಲ್ಲಿಟ್ಟರೆ ತಾನಾಗಿಯೇ ಕೊಳೆತು, ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಡಾಸನ್ನಿನ ನೆಲದಡಿ ವರ್ಷವಿಡೀ ಕರಗದ ಹಿಮಮಣ್ಣು. ಆ ತಂಪೇ ರೀಲುಗಳನ್ನು ಸುಮಾರು ಅರ್ಧ ಶತಮಾನ ಕಾಯಿತು.

ಕಾವಲಿನಲ್ಲಿದ್ದ ಚಿತ್ರಗಳ ಗತಿ ಇದಕ್ಕಿಂತ ಕೆಟ್ಟದಾಗಿತ್ತು. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಅದರ ಬಹುಪಾಲು ಮೂಕಿ ಚಿತ್ರಗಳು ಬೂದಿಯಾದವು. ಯೂನಿವರ್ಸಲ್ ಕಂಪನಿಯಂತೂ 1948ರಲ್ಲಿ ತನ್ನಲ್ಲಿ ಉಳಿದಿದ್ದ ಮೂಕಿ ಚಿತ್ರಗಳನ್ನು ತಾನೇ ನಾಶ ಮಾಡಿತು. ಮಾತನಾಡುವ ಚಿತ್ರ ಬಂದ ಮೇಲೆ ಮೂಕಿಗೆ ಬೆಲೆ ಎಲ್ಲಿಯದು? ಫಿಲ್ಮಿನ ಮೇಲಿದ್ದ ಬೆಳ್ಳಿಯ ಅಂಶಕ್ಕೆ ಬೆಲೆಯಿತ್ತು, ಚಿತ್ರಕ್ಕೆ ಇರಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದ ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ನೂರಕ್ಕೆ 70ರಷ್ಟು ಇಲ್ಲವಾಗಿವೆ.

ಡಾಸನ್ನಿನಲ್ಲಿ ಅಗೆದು ತೆಗೆದ ಮೇಲೂ ಅಪಾಯ ತಪ್ಪಲಿಲ್ಲ. ಬಿಸಿಲು ತಗುಲಿ ಮಂಜು ಕರಗುತ್ತಿದ್ದಂತೆ ಫಿಲ್ಮಿನ ಮೇಲಿನ ಚಿತ್ರದ ಪದರವೇ ಏಳತೊಡಗಿತು. ಅವಸರದಲ್ಲಿ ರೀಲುಗಳನ್ನು ತಂಪು ಜಾಗಕ್ಕೆ ಸೇರಿಸಬೇಕಾಯಿತು. ಹೊತ್ತಿಕೊಳ್ಳುವ ಸರಕನ್ನು ಸಾಗಿಸಲು ಸಾರಿಗೆ ಕಂಪನಿಗಳು ಒಪ್ಪದಿದ್ದಾಗ ಸೇನಾ ವಿಮಾನದಲ್ಲಿ ಅವು ರಾಜಧಾನಿ ಒಟ್ಟಾವಾ ತಲುಪಿದವು. ಅಮೆರಿಕದ ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕಳಿಸಿ, ಉಳಿದವನ್ನು ಕೆನಡಾ ಇಟ್ಟುಕೊಂಡಿತು. ಇಂದಿಗೂ ಆ ಚಿತ್ರಗಳ ಅಂಚಿನಲ್ಲಿ ನೀರು ತಿಂದ ಬಿಳಿ ಕಲೆಗಳು ಅಲುಗಾಡುತ್ತವೆ.

ಆ ರಾಶಿಯಲ್ಲಿದ್ದ ಒಂದು ವಾರ್ತಾಚಿತ್ರ 1919ರ ಬೇಸ್‌ಬಾಲ್ ಪಂದ್ಯಾವಳಿಯದು. ಶಿಕಾಗೊ ತಂಡದ ಆಟಗಾರರು ಹಣ ಪಡೆದು ಬೇಕೆಂದೇ ಸೋತರೆಂಬ ಹಗರಣದಿಂದ ಅದು ಕುಖ್ಯಾತ. ಆ ಪಂದ್ಯಗಳ ದೃಶ್ಯಗಳು 2014ರಲ್ಲಿ ಬೆಳಕಿಗೆ ಬಂದು ಕ್ರೀಡಾ ಇತಿಹಾಸಕಾರರನ್ನು ಬೆರಗುಗೊಳಿಸಿದವು. ಬಿಲ್ ಮಾರಿಸನ್ ಎಂಬ ನಿರ್ದೇಶಕ ಇಡೀ ಕಥೆಯನ್ನು 'ಡಾಸನ್ ಸಿಟಿ: ಫ್ರೋಜನ್ ಟೈಮ್' (2016) ಎಂಬ ಸಾಕ್ಷ್ಯಚಿತ್ರವಾಗಿಸಿದ.

ನಮ್ಮಲ್ಲಿ ಏನಾಯಿತು? ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು. ತುಣುಕುಗಳನ್ನು ಸೇರಿಸಿದರೂ ಉಳಿದವು ಮೂವತ್ತರ ಆಸುಪಾಸು. ದೇಶದ ಮೊದಲ ವಾಕ್ಚಿತ್ರ 'ಆಲಂ ಆರಾ' (1931) ಎಲ್ಲೂ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಕೂಡ ಇಲ್ಲ. ವೈ.ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ನಾಗೇಂದ್ರರಾಯರು ರಾವಣನಾಗಿ ನಟಿಸಿದ ಆ ಚಿತ್ರ ಕೊಲ್ಲಾಪುರದ ಸ್ಟುಡಿಯೋದಲ್ಲಿ ತಯಾರಾಗಿ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತುಗಳು ತೆರೆಯ ಮೇಲೆ ಹೇಗೆ ಕೇಳಿಸಿದವು ಎಂಬುದನ್ನು ಇಂದಿನವರು ಊಹಿಸಿಕೊಳ್ಳಬೇಕಷ್ಟೆ.

ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ, 'ಸತಿ ಸುಲೋಚನ' ಬಂದು 30 ವರ್ಷಗಳಾದ ಮೇಲೆ. ಅದರ ಪಿ.ಕೆ. ನಾಯರ್ ಅವರು ದೇಶದಾದ್ಯಂತ ಅಲೆದು ಸಾವಿರಾರು ಚಿತ್ರಗಳನ್ನು ಕಲೆಹಾಕಿದರು. 2003ರ ಜನವರಿಯಲ್ಲಿ ಪುಣೆಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಸಾವಿರಾರು ನೈಟ್ರೇಟ್ ಸುರುಳಿಗಳು ಅಲ್ಲೂ ಸುಟ್ಟುಹೋದವು.

1950ರ ದಶಕದ ಆರಂಭದಲ್ಲಿ ನೈಟ್ರೇಟ್ ಫಿಲ್ಮಿನ ತಯಾರಿಕೆ ನಿಂತು, ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮು ಅದರ ಜಾಗಕ್ಕೆ ಬಂತು. ನಮ್ಮ ಕಪ್ಪು ಬಿಳುಪು ಕಾಲದ ಜನಪ್ರಿಯ ಚಿತ್ರಗಳಲ್ಲಿ ಹೆಚ್ಚಿನವು ಇದರ ಮೇಲೆಯೇ ಇವೆ. ಇದಕ್ಕೂ ಒಂದು ರೋಗವಿದೆ. ಸೆಕೆ ಮತ್ತು ತೇವಕ್ಕೆ ಅಸಿಟೇಟ್ ಒಡೆದು ವಿನಿಗರ್ ವಾಸನೆ ಬರುತ್ತದೆ, ಫಿಲ್ಮು ಸುರುಟಿಕೊಳ್ಳುತ್ತದೆ. ಒಂದು ಡಬ್ಬದಲ್ಲಿ ಶುರುವಾದದ್ದು ಪಕ್ಕದ ಡಬ್ಬಕ್ಕೂ ಹರಡುತ್ತದೆ. ಒಮ್ಮೆ ಹಿಡಿದರೆ ವಾಸಿ ಮಾಡಲಾಗದು. ತಂಪು, ಒಣ ಕೋಣೆಯಲ್ಲಿಟ್ಟು ನಿಧಾನಗೊಳಿಸಬಹುದು, ಅಷ್ಟರೊಳಗೆ ಹೊಸ ಪ್ರತಿ ತೆಗೆಯಬಹುದು.

ಡಾಸನ್ನಿನವರು ಎಸೆದದ್ದನ್ನು ಅಲ್ಲಿನ ಚಳಿ ಕಾಪಾಡಿತು. ಕರಾವಳಿಯ ತೇವಕ್ಕಾಗಲಿ ಬಯಲುಸೀಮೆಯ ಬಿಸಿಲಿಗಾಗಲಿ ಆ ಗುಣವಿಲ್ಲ. ಮುಚ್ಚಿದ ಚಿತ್ರಮಂದಿರದ ಅಟ್ಟದಲ್ಲೋ ಹಳೆಯ ವಿತರಕರ ಗೋದಾಮಿನಲ್ಲೋ ಇರುವ ಡಬ್ಬ ತೆರೆದಾಗ ಹುಳಿ ವಾಸನೆ ಮೂಗಿಗೆ ಬಡಿದರೆ, ಆ ಚಿತ್ರಕ್ಕೆ ಇನ್ನು ಉಳಿದಿರುವುದು ಸ್ವಲ್ಪವೇ ಕಾಲ. ಅದನ್ನು ಗುಜರಿಗೆ ಹಾಕುವ ಮೊದಲು ಸಂಗ್ರಹಾಲಯಕ್ಕೆ ಒಂದು ಮಾತು ತಿಳಿಸಿದರೆ, ಕನ್ನಡದ ಇನ್ನೊಂದು ಚಿತ್ರ 'ಸತಿ ಸುಲೋಚನ'ದ ದಾರಿ ಹಿಡಿಯುವುದು ತಪ್ಪೀತು.