ಅಯಸ್ಕಾಂತದ ಕಣ್ಣು, ಮನೆತನದ ನೆನಪು

"ನಿಮ್ಮ ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ?" ಎಂದು ವೈದ್ಯರು ಕೇಳಿದರೆ ನಮ್ಮಲ್ಲಿ ಬಹುಮಂದಿ ಕೊಡುವ ಉತ್ತರ "ಗೊತ್ತಿಲ್ಲ" ಎಂಬುದೇ. ಊರು ಬಿಟ್ಟು ದಿಲ್ಲಿ ಸೇರಿದ ನಮಗೆ, ಸೋದರತ್ತೆ ಯಾವ ರೋಗದಿಂದ ತೀರಿಕೊಂಡರೆಂಬುದು ತಿಳಿದಿರುವುದು ಅಪರೂಪ. ರೋಹಿಣಿಯ ಐದನೆಯ ಸೆಕ್ಟರಿನಲ್ಲಿ 1996ರಿಂದ ರಾಜೀವ್ ಗಾಂಧಿ ಕ್ಯಾನ್ಸರ್ ಸಂಸ್ಥೆ ನಡೆಯುತ್ತಿರುವುದರಿಂದ ಈ ರೋಗದ ಹೆಸರು ನಮ್ಮ ಬಡಾವಣೆಗೆ ಹೊಸದಲ್ಲ. ಆದರೆ ಮೈಗೆ ಕತ್ತಿ ತಾಗಿಸದೆ ಗಡ್ಡೆಯೊಳಗಿನ ರಸಾಯನವನ್ನು ಓದುವ ವಿದ್ಯೆ ಬೆಳೆದು ಬಂದ ಬಗೆ ಅನೇಕರಿಗೆ ಹೊಸದು. ಆ ಚರಿತ್ರೆಯಲ್ಲಿ ಬೆಂಗಳೂರಿಗೂ ದಿಲ್ಲಿಗೂ ಪಾಲಿದೆ.

ಪ್ರಬಲವಾದ ಅಯಸ್ಕಾಂತದ ನಡುವೆ ಇಟ್ಟ ವಸ್ತುವಿನಲ್ಲಿರುವ ಜಲಜನಕದ ಪರಮಾಣು ಬೀಜಗಳು ತಕ್ಕ ರೇಡಿಯೋ ಅಲೆಗೆ ಓಗೊಡುತ್ತವೆ ಎಂಬುದನ್ನು ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ 1946ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದರು. ಐದೇ ವರ್ಷಗಳ ಬಳಿಕ, 1951ರಲ್ಲಿ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು, ಕೊಳವೆಯಲ್ಲಿ ಹರಿಯುವ ದ್ರವದಿಂದ ಬರುವ ಈ ಓಗೊಡುವಿಕೆ ಹರಿವಿನೊಡನೆ ಬದಲಾಗುತ್ತದೆಂದು ತೋರಿಸಿದರು. ಮುಂದೆ ರಕ್ತದ ಓಟವನ್ನು ಹೊರಗಿನಿಂದಲೇ ಅಳೆಯುವ ವಿದ್ಯೆಗೆ ಇದು ಮೊದಲ ಮೆಟ್ಟಿಲು. 1973ರಲ್ಲಿ ಲೌಟರ್‌ಬರ್ ಇದೇ ತತ್ತ್ವದಿಂದ ಚಿತ್ರ ಪಡೆದರು, ಎಂ.ಆರ್.ಐ. ಹುಟ್ಟಿತು.

ಜಲಜನಕವು ಯಾವ ಪದಾರ್ಥದಲ್ಲಿದೆ ಎಂಬುದರ ಮೇಲೆ ಅದರ ದನಿ ತುಸು ಬೇರೆಯಾಗುತ್ತದೆ. ಆ ದನಿಗಳನ್ನು ಬಿಡಿಸಿ ಕೇಳಿದರೆ ಗಡ್ಡೆಯೊಳಗೆ ಯಾವ ಪದಾರ್ಥ ಹೆಚ್ಚಾಗಿದೆಯೆಂದು ತಿಳಿಯಬಹುದು. ದಿಲ್ಲಿಯ ಏಮ್ಸ್‌ನಲ್ಲಿ ಎನ್. ಆರ್. ಜಗನ್ನಾಥನ್ ಮತ್ತು ಸಂಗಡಿಗರು ಸ್ತನದ ಕ್ಯಾನ್ಸರಿನಲ್ಲಿ ಕೋಲೀನ್ ಎಂಬ ಪದಾರ್ಥವನ್ನು ಹೀಗೆ ಗುರುತಿಸಿ, ಚಿಕಿತ್ಸೆಗೆ ಗಡ್ಡೆ ಬಗ್ಗುತ್ತಿದೆಯೇ ಎಂಬುದನ್ನು ಪರಿಶೀಲಿಸಿ, 2001ರಲ್ಲಿ ಪ್ರಕಟಿಸಿದರು.

ವಂಶಪಾರಂಪರ್ಯದ ಗಡ್ಡೆಗಳಿಗೂ ಈ ವಿದ್ಯೆ ಒದಗಿತು. ಜೀವಕೋಶದಲ್ಲಿ ಸಕ್ಸಿನೇಟ್ ಎಂಬ ಪದಾರ್ಥವನ್ನು ಮುಂದಿನ ಹಂತಕ್ಕೆ ದಾಟಿಸುವ ಕಿಣ್ವವೊಂದಿದೆ. ಗಡ್ಡೆಯಲ್ಲಿ ಅದು ಕೆಲಸ ನಿಲ್ಲಿಸಿದರೆ, ತೂಬು ಮುಚ್ಚಿದ ಕೆರೆಯಂತೆ, ಸಕ್ಸಿನೇಟ್ ತುಂಬಿಕೊಳ್ಳುತ್ತದೆ. ಕುತ್ತಿಗೆಯಲ್ಲಿ ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಗಡ್ಡೆ ಏಳುವ ಕೆಲವು ಮನೆತನಗಳಲ್ಲಿ ಈ ಕಿಣ್ವದ ವಂಶವಾಹಿಯೇ ಕೆಟ್ಟಿರುವುದು 2000ದಲ್ಲಿ ಪತ್ತೆಯಾಯಿತು. ಇಂಥ ಗಡ್ಡೆಗಳಲ್ಲಿ ಕೆಲವು ಕ್ಯಾನ್ಸರ್ ಆಗುವುದೂ ಉಂಟು. 2016ರಲ್ಲಿ ಫ್ರಾನ್ಸಿನ ಸಂಶೋಧಕರು ರೋಗಿಗಳನ್ನು ಎಂ.ಆರ್. ಯಂತ್ರದಲ್ಲಿ ಮಲಗಿಸಿ, ತುಂಬಿಕೊಂಡ ಸಕ್ಸಿನೇಟನ್ನು ಹೊರಗಿನಿಂದಲೇ ಕಂಡರು. ಇದಕ್ಕೆ ಗಡ್ಡೆ ತಕ್ಕಷ್ಟು ದೊಡ್ಡದಿರಬೇಕು. ವಂಶವಾಹಿಯ ರಕ್ತಪರೀಕ್ಷೆಯನ್ನು ಇದರಿಂದ ಬಿಡುವಂತಿಲ್ಲ.

ಇಲ್ಲೊಂದು ಸೋಜಿಗವಿದೆ. ಎಸ್.ಡಿ.ಎಚ್.ಡಿ. ಎಂಬ ಆ ವಂಶವಾಹಿಯ ದೋಷ ತಂದೆಯಿಂದ ಬಂದರೆ ಗಡ್ಡೆಯ ಭಯ ಹೆಚ್ಚು. ತಾಯಿಯಿಂದ ಬಂದರೆ ಗಡ್ಡೆ ಏಳುವುದು ತೀರ ಅಪರೂಪ. ಆದರೆ ತಾಯಿಯಿಂದ ದೋಷ ಪಡೆದ ಮಗ ತಾನು ಸುಖವಾಗಿದ್ದೂ ಅದನ್ನು ಮಕ್ಕಳಿಗೆ ದಾಟಿಸಬಲ್ಲ. ಹೀಗೆ ಅಜ್ಜಿಯ ತವರಿನ ರೋಗ ಒಂದು ತಲೆಮಾರು ಮರೆಯಾಗಿದ್ದು ಮೊಮ್ಮಕ್ಕಳಲ್ಲಿ ತಲೆಯೆತ್ತಬಹುದು. ನಮ್ಮ ವಂಶವೃಕ್ಷಗಳಲ್ಲಾದರೋ ಹೆಚ್ಚಾಗಿ ಗಂಡಸರ ಹೆಸರುಗಳೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೊಂಬೆ ಅಲ್ಲಿಗೇ ನಿಂತುಬಿಡುತ್ತದೆ.

ಈ ಸಲ ರಜೆಗೆ ಊರಿಗೆ ಹೋದಾಗ ಹಿರಿಯರೊಡನೆ ಕುಳಿತು, ಯಾರು, ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ತೀರಿಕೊಂಡರೆಂದು ಬರೆದುಕೊಳ್ಳೋಣ. ಅಜ್ಜಿಯ ತವರಿನವರು, ಸೋದರತ್ತೆಯರು, ಚಿಕ್ಕಮ್ಮಂದಿರು ಯಾರೂ ಬಿಟ್ಟುಹೋಗದಿರಲಿ. ಯಾರನ್ನು ಪರೀಕ್ಷಿಸಬೇಕೆಂಬುದು ಯಂತ್ರಕ್ಕೆ ತಿಳಿಯದು. ಅದಕ್ಕೆ ಮನೆಯವರ ನೆನಪೇ ಬೇಕು. ಹೇಳಬಲ್ಲವರು ಇರುವಾಗಲೇ ಕೇಳಿಟ್ಟುಕೊಳ್ಳೋಣ.