ನೂರರಲ್ಲಿ ಹದಿಮೂರು ಮಂದಿ ಕಲಿಸಿದ ಪಾಠ

ಮೂಡಿಗೆರೆ, ಕಳಸದ ಕಾಫಿ ಸೀಮೆಯ ಮನೆಯಂಗಳಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪಕ್ಕೆ ಕಾಶಿ ಕಣಗಿಲೆ ಎಂದೂ ಹೆಸರುಂಟು. ಮಡಗಾಸ್ಕರ್ ಮೂಲದ ಈ ಗಿಡದಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್ ಎಂಬ ಔಷಧಕ್ಕೆ 1963ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಮಕ್ಕಳ ರಕ್ತ ಕ್ಯಾನ್ಸರಿಗೆ, ಅಂದರೆ ಲ್ಯುಕೇಮಿಯಾಕ್ಕೆ, ವೈದ್ಯರು ಇಂದಿಗೂ ಅದನ್ನು ಕೊಡುತ್ತಾರೆ. ಗಿಡವನ್ನೇ ಅರೆದು ಕುಡಿಯುವುದು ಮಾತ್ರ ಅಪಾಯ, ಅದು ವಿಷಕಾರಿ.

ಮೂಳೆಯೊಳಗಿನ ಮಜ್ಜೆಯೇ ರಕ್ತಕಣಗಳ ತವರು. ಅಲ್ಲಿ ಬಲಿಯದ ಬಿಳಿಯ ಕಣಗಳು ಲಂಗುಲಗಾಮಿಲ್ಲದೆ ಹೆಚ್ಚಿದಾಗ ಲ್ಯುಕೇಮಿಯಾ ತಲೆದೋರುತ್ತದೆ. 1940ರ ದಶಕದವರೆಗೆ ಈ ರೋಗ ತಗಲಿದ ಮಕ್ಕಳು ಕೆಲವೇ ತಿಂಗಳಲ್ಲಿ ಸಾಯುತ್ತಿದ್ದರು. 1948ರಲ್ಲಿ ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಇಳಿಯುವುದನ್ನು ತೋರಿಸಿಕೊಟ್ಟರು. ಔಷಧ ಸಿದ್ಧವಾದದ್ದು ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ.

ಮಜ್ಜೆಯನ್ನೇ ಬದಲಿಸಬಾರದೇಕೆ ಎಂದು ಯೋಚಿಸಿದವರು ಡಾ. ಡೊನಾಲ್ ಥಾಮಸ್. 1957ರಲ್ಲಿ ಅವರು ವರದಿ ಮಾಡಿದ ಆರು ರೋಗಿಗಳಲ್ಲಿ ಯಾರೂ ಹೆಚ್ಚು ಕಾಲ ಬದುಕಲಿಲ್ಲ. ಹಲವರು ಈ ದಾರಿಯನ್ನೇ ಬಿಟ್ಟರು, ಥಾಮಸ್ ಬಿಡಲಿಲ್ಲ. ಔಷಧಗಳಿಗೆ ಬಗ್ಗದೆ ಕೊನೆಯ ಹಂತ ತಲುಪಿದ್ದ ನೂರು ಮಂದಿಗೆ ಮಾಡಿದ ಕಸಿಯ ಫಲಿತಾಂಶವನ್ನು ಅವರು 1977ರಲ್ಲಿ ಪ್ರಕಟಿಸಿದರು. ಅವರಲ್ಲಿ 13 ಮಂದಿ ರೋಗವಿಲ್ಲದೆ ಬದುಕಿದ್ದರು.

ಹದಿಮೂರು ಸಣ್ಣ ಸಂಖ್ಯೆಯೇ. ಆದರೆ ಬದುಕುವ ಆಸೆಯೇ ಇಲ್ಲದವರಲ್ಲಿ ಇಷ್ಟು ಮಂದಿ ಉಳಿದರೆ, ರೋಗ ಹತೋಟಿಯಲ್ಲಿರುವಾಗಲೇ ಕಸಿ ಮಾಡಿದರೆ ಹೇಗೆ? ಹಾಗೆ ಮಾಡಿದಾಗ ಬದುಕುಳಿದವರ ಪ್ರಮಾಣ ಅರ್ಧದಷ್ಟಕ್ಕೆ ಏರಿತು. 1990ರಲ್ಲಿ ಥಾಮಸ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಭಾರತದ ಮೊದಲ ಕಸಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ಒಂಬತ್ತು ವರ್ಷದ ಬಾಲಕಿಗೆ ಸಹೋದರನ ಮಜ್ಜೆ ನೀಡಲಾಯಿತು, ಆಕೆ ಗುಣಮುಖಳಾದಳು.

ಒಡಹುಟ್ಟಿದವರ ಮಜ್ಜೆ ಪೂರ್ಣ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಅರ್ಧ ಹೊಂದುವ ತಂದೆ ತಾಯಿಯರಿಂದಲೂ ಕಸಿ ಸಾಧ್ಯ. ಎಲ್ಲರಿಗೂ ಕಸಿ ಬೇಕೆಂದೂ ಇಲ್ಲ. ಲ್ಯುಕೇಮಿಯಾದ ಒಂದು ದೀರ್ಘಕಾಲಿಕ ಬಗೆಯನ್ನು 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆಯೇ ಹತೋಟಿಗೆ ತಂದಿದೆ. ಮುಂದುವರಿದ ದೇಶಗಳಲ್ಲಿ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯಿಂದ ಹತ್ತರಲ್ಲಿ ಒಂಬತ್ತು ಮಕ್ಕಳು ಪಾರಾಗುತ್ತಿದ್ದಾರೆ.

ಕಾಫಿ ಸೀಮೆಯವರಿಗೆ ದೊಡ್ಡ ತೊಡಕು ದೂರ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಿದೆ, ನಿಜ. ಆದರೆ ಕಳಸದಿಂದ ಅದು ಸುಮಾರು 300 ಕಿಲೋಮೀಟರ್. ಮಕ್ಕಳ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಲೈನ್ ಮನೆಯ ಕೂಲಿಕಾರರಿಗೆ ಪ್ರತಿ ಪ್ರಯಾಣವೂ ಕಳೆದುಕೊಂಡ ಕೂಲಿಯೇ. ಜ್ವರ ಇಳಿದು ಮಗು ಆಟಕ್ಕಿಳಿದ ಕೂಡಲೇ ಕಾಯಿಲೆ ವಾಸಿಯಾಯಿತೆಂದು ಚಿಕಿತ್ಸೆ ನಿಲ್ಲಿಸುವವರಿದ್ದಾರೆ. ರೋಗ ಮರಳುವುದು ಇಂಥಲ್ಲೇ.

ದಶಕಗಳನ್ನು ದಾಟಿದವರ ಬದುಕು ಮುಖ್ಯವಾಗುವುದು ಇದರಿಂದಲೇ. ಅವರಲ್ಲಿ ಕೆಲವರಿಗೆ ಬಂಜೆತನ, ಹೃದಯದ ತೊಂದರೆಯಂಥ ಉಳಿಕೆಗಳಿರುತ್ತವೆ. ತಪಾಸಣೆ ಜೀವನಪೂರ್ತಿ ಬೇಕು. ಆದರೂ ಮೊದಲ ಕೆಲವು ವರ್ಷ ಕಳೆದ ಮೇಲೆ ರೋಗ ಮರುಕಳಿಸುವುದು ವಿರಳವಾಗುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ. ವಾರಗಟ್ಟಲೆ ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ ಕಂಡರೆ ರಕ್ತ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆಯನ್ನು ನಡುವೆ ಕೈಬಿಡಬಾರದು. ಆ ಹದಿಮೂರು ಮಂದಿಯ ಕಾಲದಲ್ಲಿ ಇಲ್ಲದಿದ್ದ ಅವಕಾಶ ಇಂದಿನ ಮಗುವಿಗೆ ಇದೆ.