ತೈಲಕೂಪಗಳಲ್ಲಿ ಎಮಲ್ಷನ್ ಆಮ್ಲ: ಒಂದು ಐತಿಹಾಸಿಕ ವಿವೇಚನೆ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸೀಮೆಯ ನೆಲದಡಿಯಲ್ಲಿರುವುದು ಅತಿ ಪುರಾತನವಾದ ಶಿಲೆಗಳು. ಅವುಗಳಲ್ಲಿ ಕಲ್ಲೆಣ್ಣೆಯು ದೊರೆಯತಕ್ಕದ್ದಲ್ಲ. ಆದರೆ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಕೆಲಸವಾರಂಭಿಸಿದ ಕಬ್ಬಿಣದ ಕಾರ್ಖಾನೆಗೆ ಭಂಡಿಗುಡ್ಡದ ಸುಣ್ಣಕಲ್ಲು ಒದಗುತ್ತಿದ್ದಿತು. ಅಂತಹ ಕಲ್ಲಿನ ಮೇಲೆ ಆಮ್ಲದ ಹನಿ ಬಿದ್ದೊಡನೆ ನೊರೆಯುಕ್ಕುವುದೆಂಬುದು ಭೂಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಸುವಿದಿತವಾಗಿದೆ. ಈ ಸಾಮಾನ್ಯ ಕ್ರಿಯೆಯೇ ದೇಶಾಂತರದಲ್ಲಿ ಒಂದು ಮಹೋದ್ಯಮಕ್ಕೆ ಬೀಜವಾಯಿತು.

ಅಮೆರಿಕೆಯ ಓಹಾಯೋ ಪ್ರಾಂತದ ಲೈಮಾ ಎಂಬಲ್ಲಿ ರಸಾಯನಜ್ಞನಾದ ಹರ್ಮನ್ ಫ್ರಾಷ್ 1895ರಲ್ಲಿ ಸುಣ್ಣಕಲ್ಲಿನ ತೈಲಕೂಪಗಳಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹೊಯ್ಯುವ ಕ್ರಮವನ್ನು ಪ್ರಯೋಗಿಸಿ, ಮರುವರ್ಷ ಅದಕ್ಕೆ ಪೇಟೆಂಟನ್ನು ಪಡೆದನು. ಕಲ್ಲು ಕರಗಿ, ನೀರಿನಲ್ಲಿ ಲೀನವಾಗುವ ಲವಣವೂ ಇಂಗಾಲಾಮ್ಲ ವಾಯುವೂ ಉಂಟಾಗಿ, ತೈಲಕ್ಕೆ ದಾರಿ ತೆರೆಯುವುದು. ಆದರೆ ಆಮ್ಲವು ಕಲ್ಲನ್ನು ಮಾತ್ರವಲ್ಲದೆ ಕಬ್ಬಿಣದ ಕೊಳವೆಗಳನ್ನೂ ತಿನ್ನುತ್ತಿದ್ದಿತು. ಆದಕಾರಣ ಈ ಕ್ರಮವು ಮೂರು ದಶಕಗಳಿಗೂ ಮೀರಿ ಹೆಚ್ಚಾಗಿ ಬಳಕೆಗೆ ಬಾರದೆ ಉಳಿಯಿತು.

1932ರ ಫೆಬ್ರುವರಿಯಲ್ಲಿ ಮಿಷಿಗನ್ ಪ್ರಾಂತದಲ್ಲಿ ಪ್ಯೂರ್ ಆಯಿಲ್ ಕಂಪೆನಿಯ ಬತ್ತಿದ ಬಾವಿಯೊಂದಕ್ಕೆ ಡೌ ಕಂಪೆನಿಯವರು 500 ಗ್ಯಾಲನ್ ಆಮ್ಲವನ್ನು ಇಳಿಸಿದರು. ಕೊಳವೆಯ ರಕ್ಷಣೆಗೆ ಅದರಲ್ಲಿ ಆರ್ಸೆನಿಕ್ ಬೆರೆತಿದ್ದಿತು. ಬಾವಿಯು ದಿನಕ್ಕೆ 16 ಪೀಪಾಯಿ ತೈಲವನ್ನು ಕೊಡತೊಡಗಿತು. ಇದರಿಂದ ಮೊದಲ ತೊಡಕು ನೀಗಿತಾದರೂ ಎರಡನೆಯದು ಉಳಿಯಿತು: ಆಮ್ಲವು ಬಾವಿಯ ಗೋಡೆಯ ಬಳಿಯಲ್ಲಿಯೇ ತನ್ನ ಶಕ್ತಿಯನ್ನೆಲ್ಲ ವ್ಯಯಮಾಡಿ, ಶಿಲೆಯ ಒಳಕ್ಕೆ ದೂರ ಹೋಗಲಾರದು.

ಇದರ ಪರಿಹಾರವು 1933ರಲ್ಲಿ ಮೆಲ್ವಿನ್ ಡಿ ಗ್ರೂಟ್ ಪಡೆದ ಪೇಟೆಂಟಿನಲ್ಲಿ ಅಡಗಿದ್ದಿತು. ಹಾಲಿನಲ್ಲಿ ನೀರಿನ ನಡುವೆ ಜಿಡ್ಡಿನ ಕಣಗಳಿರುವುವು. ಬೆಣ್ಣೆಯಲ್ಲಿ ಜಿಡ್ಡಿನ ನಡುವೆ ನೀರಿನ ಕಣಗಳಿರುವುವು. ಎಮಲ್ಷನ್ ಆಮ್ಲವು ಬೆಣ್ಣೆಯ ಜಾತಿಯದು: ಆಮ್ಲದ ಸೂಕ್ಷ್ಮಬಿಂದುಗಳು ಎಣ್ಣೆಯ ಹೊದಿಕೆಯೊಳಗೆ ಅಡಗಿರುತ್ತವೆ. ಲೋಹವನ್ನು ಕಾಪಾಡುವುದು ಡಿ ಗ್ರೂಟನ ಮುಖ್ಯೋದ್ದೇಶಗಳಲ್ಲೊಂದು. ಆದರೆ ಅದೇ ಹೊದಿಕೆಯು ಕಲ್ಲಿನೊಡನೆ ಆಮ್ಲದ ಕ್ರಿಯೆಯನ್ನೂ ನಿಧಾನಗೊಳಿಸಿತು. ಈತನು ಸೇವೆಯಲ್ಲಿದ್ದ ಟ್ರೆಟೊಲೈಟ್ ಕಂಪೆನಿಯ ವ್ಯಾಪಾರವು ಕಲ್ಲೆಣ್ಣೆಯಲ್ಲಿ ಬೆರೆತ ನೀರನ್ನು ಬೇರ್ಪಡಿಸುವ, ಎಂದರೆ ಎಮಲ್ಷನ್ನನ್ನು ಒಡೆಯುವ, ದ್ರವ್ಯಗಳದ್ದಾಗಿತ್ತೆಂಬುದು ಗಮನಾರ್ಹವಾಗಿದೆ. ಒಡೆಯುವುದನ್ನು ಬಲ್ಲವನೇ ಕಟ್ಟುವುದನ್ನೂ ಬಲ್ಲನು.

ಮುಂದಿನ ಸಂಶೋಧನೆಯೆಲ್ಲವೂ ಈ ಕಟ್ಟು ಮತ್ತು ಒಡಕುಗಳ ಸಮತೋಲವನ್ನು ಕುರಿತದ್ದು. ಸಾಮಾನ್ಯವಾಗಿ ಬಳಕೆಗೆ ಬಂದ ಪ್ರಮಾಣವು ಆಮ್ಲ 70 ಭಾಗ, ಡೀಸೆಲ್ 30 ಭಾಗ. ಬಿಂದುಗಳು ಸಣ್ಣವಾದಷ್ಟೂ ಮಿಶ್ರಣವು ಸ್ಥಿರವೂ ಗಾಢವೂ ಆಗುವುದು; ಉಷ್ಣತೆ ಏರಿದಂತೆ ಅದು ತೆಳುವಾಗಿ, ಕಡೆಗೆ ಬೇರ್ಪಡುವುದು. ವೇಗವಾಗಿ ಹರಿಯುವಾಗ ಅದರ ಗಾಢತೆ ತಗ್ಗುವುದಾದರೂ, ಕೊಳವೆಯಲ್ಲಿ ಘರ್ಷಣೆಯು ಹೆಚ್ಚಾದ್ದರಿಂದ ಪಂಪುಮಾಡುವ ವೇಗಕ್ಕೆ ಮಿತಿಯುಂಟು. ಆಳವನ್ನು ಮುಟ್ಟುವ ಮುನ್ನ ಒಡೆದರೆ ಶ್ರಮವೆಲ್ಲವೂ ವ್ಯರ್ಥ; ಒಡೆಯದೆಯೇ ಉಳಿದರೆ ಶಿಲಾರಂಧ್ರಗಳೇ ಮುಚ್ಚಿಹೋಗಬಹುದು.

ಭಾರತಕ್ಕೆ ಈ ವಿಷಯವು ದೂರದ್ದಲ್ಲ. 1974ರಲ್ಲಿ ಅರಬ್ಬೀ ಸಮುದ್ರದಲ್ಲಿ ಕಂಡುಬಂದು, 1976ರಲ್ಲಿ ಉತ್ಪಾದನೆಯನ್ನಾರಂಭಿಸಿದ ಬಾಂಬೆ ಹೈ ಕ್ಷೇತ್ರದ ಮುಖ್ಯ ತೈಲಶಿಲೆಯು ಸುಣ್ಣಕಲ್ಲೇ ಆಗಿದೆ.

ಆದ್ದರಿಂದ ಈ ವಿದ್ಯೆಯ ಕೀರ್ತಿಯನ್ನು ಒಬ್ಬನಿಗೇ ಸಲ್ಲಿಸುವುದು ಯುಕ್ತವಲ್ಲ. ಆಮ್ಲದ ಬಲವನ್ನು ಫ್ರಾಷ್ ತೋರಿಸಿದನು. ಆ ಬಲವನ್ನು ತಡೆದು ಸಕಾಲದಲ್ಲಿ ಬಿಡುವ ಉಪಾಯವು ಅನಂತರದವರಿಂದ ಬಂದಿತು. ಬಾವಿಯ ಆಳದಲ್ಲಿ ಇವೆರಡರಲ್ಲಿ ಯಾವುದೊಂದೂ ಮತ್ತೊಂದಿಲ್ಲದೆ ಫಲಿಸದು.